ಹೊಲ ಯಾರದು, ಗುಳೆ ಹೋಗುವವರು ಯಾರು?

ಕೂಲಿಯವನ ಮಜೂರಿಯನ್ನು ತಡಮಾಡದೆ ಕೊಡಬೇಕೆಂದು ನಮ್ಮ ಖತೀಬರು ಮಿಂಬರಿನಿಂದ ಮತ್ತೆ ಮತ್ತೆ ನೆನಪಿಸುತ್ತಾರೆ. ಆ ಕೂಲಿಯವನನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳಲ್ಲಿ ಹಳೆಯ ಮನೆ ಕೆಡವಿ ಹೊಸ ಅಪಾರ್ಟ್‌ಮೆಂಟ್ ಏಳುವ ಕಡೆ ತಗಡಿನ ಶೆಡ್ಡಿನ ಮುಂದೆ ನಿಂತರೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಗಂಡ ಹೆಂಡತಿ ಇಬ್ಬರೂ ಇಟ್ಟಿಗೆ ಹೊರುತ್ತಾರೆ, ಮಕ್ಕಳು ಮರಳಿನ ರಾಶಿಯ ಮೇಲೆ ಆಡುತ್ತಿರುತ್ತಾರೆ. ಅವರಲ್ಲಿ ಎಲ್ಲ ಜಾತಿಯವರಿದ್ದಾರೆ, ನಮ್ಮವರೂ ಇದ್ದಾರೆ.

ಇವರು ಊರು ಬಿಟ್ಟು ಬಂದದ್ದೇಕೆ ಎಂದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಒಂದು, ಮಳೆ ಇಲ್ಲ. ಇನ್ನೊಂದು, ನಗರದ ಥಳಕು. ಎರಡರಲ್ಲೂ ಸತ್ಯವಿದೆ, ಆದರೆ ಎರಡೂ ಅರ್ಧ ಸತ್ಯ. ಮಳೆ ಊರಿಗೆಲ್ಲ ಒಂದೇ. ಆದರೆ ಬರ ಬಂದಾಗ ನೂರು ಎಕರೆಯವನು ಊರಲ್ಲೇ ಉಳಿಯುತ್ತಾನೆ, ಎರಡು ಎಕರೆಯವನು ಮೂಟೆ ಕಟ್ಟುತ್ತಾನೆ, ಹೊಲವೇ ಇಲ್ಲದವನು ಅವನಿಗಿಂತ ಮೊದಲೇ ಹೊರಟಿರುತ್ತಾನೆ. ಹೀಗೆ ಸಂಸಾರ ಸಮೇತ ದುಡಿಯಲು ಹೊರಡುವುದಕ್ಕೆ ಉತ್ತರ ಕರ್ನಾಟಕದ ಜನ ಇಟ್ಟ ಹೆಸರು ಗುಳೆ. ಗುಳೆಯ ಇತಿಹಾಸ ಬರೆಯಬೇಕೆಂದರೆ ಮಳೆಯ ಲೆಕ್ಕದ ಜೊತೆಗೆ ಪಹಣಿಯನ್ನೂ ಬಿಚ್ಚಿ ನೋಡಬೇಕಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಹಳೆಯ ಮೈಸೂರಿನಿಂದಲೇ ಆರಂಭಿಸೋಣ. 1830ರಲ್ಲಿ ನಗರ ಸೀಮೆಯ, ಅಂದರೆ ಹಳೆಯ ಬಿದನೂರಿನ ರೈತರು ಕೂಟ ಸೇರಿ ಕಂದಾಯ ಕೊಡುವುದಿಲ್ಲವೆಂದು ನಿಂತರು. ಆಗಿದ್ದದ್ದು ಶರ್ತು ಪದ್ಧತಿ. ಇಷ್ಟು ಹಣ ವಸೂಲಿ ಮಾಡಿ ಕೊಡುತ್ತೇನೆಂದು ಅಮಲ್ದಾರನು ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡಬೇಕು. ಆಮೇಲೆ ಅದನ್ನು ರೈತನಿಂದ ಹೇಗೆ ಹಿಂಡಿದರೂ ಕೇಳುವವರಿಲ್ಲ. ದಂಗೆಯನ್ನು ಸೈನ್ಯ ಅಡಗಿಸಿತು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಕಂಪನಿ ಸರ್ಕಾರವು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡಿತು. ಅದು ಅರಮನೆಗೆ ಮರಳಿದ್ದು 50 ವರ್ಷಗಳ ನಂತರ, 1881ರಲ್ಲಿ. ಆ 50 ವರ್ಷಗಳ ಕೊನೆಯಲ್ಲಿ ಧಾತು ಸಂವತ್ಸರದ ಬರ ಬಂತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ದಾರಿಯ ಬದಿಯಲ್ಲಿ ಮೊದಲು ಬಿದ್ದವರು ಹೊಲವಿಲ್ಲದ ಕೂಲಿಗಳು ಮತ್ತು ಮಗ್ಗ ನಿಂತುಹೋದ ನೇಕಾರರು. ಕಣಜ ಇದ್ದವರು ಬದುಕಿದರು, ಆಗ ಒತ್ತೆಗೆ ಬಂದ ಹೊಲಗಳಿಂದ ಇನ್ನಷ್ಟು ದೊಡ್ಡವರೂ ಆದರು.

ಇನ್ನು ಇಂದು ಗುಳೆಗೆ ಹೆಸರಾದ ಬೀದರ್, ಕಲಬುರಗಿ, ರಾಯಚೂರಿನ ಕಡೆಗೆ ಬರೋಣ. ಇಲ್ಲಿ ನಾವು ಮುಸ್ಲಿಮರು ತುಸು ನಿಂತು ಓದಬೇಕಾದ ಇತಿಹಾಸವಿದೆ. ನಿಜಾಮರ ಸಂಸ್ಥಾನದಲ್ಲಿ ಹತ್ತರಲ್ಲಿ ಸುಮಾರು ಆರು ಪಾಲು ಭೂಮಿ ಮಾತ್ರ ಸರ್ಕಾರದ ನೇರ ಕಂದಾಯಕ್ಕೆ ಸೇರಿತ್ತು. ಉಳಿದದ್ದು ಜಹಗೀರು ಮತ್ತು ನಿಜಾಮರ ಖಾಸಗಿ ಜಮೀನಾದ ಸರ್ಫ್-ಎ-ಖಾಸ್. ಜಹಗೀರಿನ ಹಳ್ಳಿಗಳಲ್ಲಿ ರೈತನಿಗೆ ಹಕ್ಕುಪತ್ರವೆಂಬುದೇ ಅಪರೂಪ. ಬಿಟ್ಟಿ ಚಾಕರಿ ಸಾಮಾನ್ಯ. ಈ ಜಹಗೀರುದಾರರಲ್ಲಿ ಮುಸ್ಲಿಮರಿದ್ದರು, ಹಿಂದೂಗಳೂ ಇದ್ದರು. ದೇಶಮುಖರು, ದೇಸಾಯಿಗಳು ಬೇರೆ. ಆದರೆ ಸಿಂಹಾಸನದಲ್ಲಿದ್ದವರು ಮುಸ್ಲಿಮರಾದ್ದರಿಂದ ಹೊಲದ ಮೇಲಿನ ಸಿಟ್ಟಿಗೆ ಧರ್ಮದ ಹೆಸರು ಅಂಟಿಕೊಳ್ಳುವುದು ಸುಲಭವಾಯಿತು. ರಝಾಕಾರರ ದೌರ್ಜನ್ಯ ಆ ಬೆಂಕಿಗೆ ಎಣ್ಣೆ ಸುರಿಯಿತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ನಡೆದ ಹತ್ಯೆಗಳನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ಅವರ ಸಮಿತಿಯು ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಅತ್ಯಂತ ಕೆಟ್ಟ ಸ್ಥಿತಿ ಇದ್ದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ ಮತ್ತು ಬೀದರ್ ಎರಡು, ಮಿಕ್ಕವು ಉಸ್ಮಾನಾಬಾದ್ ಮತ್ತು ನಾಂದೇಡ್. ಹೈದರಾಬಾದಿನ ದೊಡ್ಡ ಮನೆತನಗಳಿಗೆ ಜಹಗೀರು ಹೋದರೂ ಪರಿಹಾರ ಸಿಕ್ಕಿತು. ಜಹಗೀರಿನ ವಾಸನೆಯನ್ನೂ ಕಾಣದ ಪಿಂಜಾರರು, ಕಸಾಯಿಗಳು, ಕೂಲಿಗಳು ಊರು ಬಿಟ್ಟರು, ಕೆಲವರು ಪ್ರಾಣವನ್ನೇ ಬಿಟ್ಟರು. ಹೊಲದ ಅನ್ಯಾಯದ ಲೆಕ್ಕವನ್ನು ಧರ್ಮದ ಪುಸ್ತಕದಲ್ಲಿ ಬರೆದರೆ ದಂಡ ತೆರುವವರು ಯಾವಾಗಲೂ ಬೇರೆಯವರೇ ಆಗಿರುತ್ತಾರೆ.

ಇದಕ್ಕೆ ತದ್ವಿರುದ್ಧವಾದ ಒಂದು ಘಟನೆ ಕಾಸರಗೋಡಿನ ಕಡೆಯದು. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. 1941ರಲ್ಲಿ ಕಯ್ಯೂರಿನ ರೈತರು ಜಮೀನ್ದಾರರ ವಿರುದ್ಧ ಎದ್ದಾಗ ನಡೆದ ಗಲಭೆಯಲ್ಲಿ ಒಬ್ಬ ಪೊಲೀಸ್ ಪೇದೆ ಸತ್ತನು. ಆ ಪ್ರಕರಣದಲ್ಲಿ 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಮಠತ್ತಿಲ್ ಅಪ್ಪು, ಚಿರುಕಂಡ, ಕುಂಞಂಬು ನಾಯರ್, ಅಬೂಬಕರ್. ನಿರಂಜನರ ‘ಚಿರಸ್ಮರಣೆ’ ಕಾದಂಬರಿಗೆ ವಸ್ತುವಾದದ್ದು ಇದೇ. ಆ ನಾಲ್ವರ ಹೆಸರುಗಳನ್ನು ಒಟ್ಟಿಗೆ ಓದಿದರೆ ಅಲ್ಲಿ ಜಗಳವು ಯಾರ ಯಾರ ನಡುವೆ ಇತ್ತೆಂಬುದು ತಾನಾಗಿ ತಿಳಿಯುತ್ತದೆ.

ಸ್ವಾತಂತ್ರ್ಯದ ನಂತರ ಕನ್ನಡ ನಾಡಿನಲ್ಲಿ ಗೇಣಿದಾರರ ಕೂಗು ಮೊದಲು ಜೋರಾಗಿ ಕೇಳಿದ್ದು ಸಾಗರ ತಾಲೂಕಿನ ಕಾಗೋಡಿನಲ್ಲಿ, 1951ರಲ್ಲಿ. ಜಗಳ ಆರಂಭವಾದದ್ದು ಒಂದು ಕೊಳಗದಿಂದ. ಒಡೆಯರು ಗೇಣಿ ಅಳೆಯುವಾಗ ಬಳಸುತ್ತಿದ್ದ ಕೊಳಗ ವಾಡಿಕೆಯ ಅಳತೆಗಿಂತ ದೊಡ್ಡದು. ದೀವರ ಸಮುದಾಯದ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಇದನ್ನು ಪ್ರಶ್ನಿಸಿದರು, ಹೊಲದಿಂದ ಹೊರಹಾಕಿಸಿಕೊಂಡರು, ಸತ್ಯಾಗ್ರಹಕ್ಕೆ ಇಳಿದರು. ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಯಾದರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಅಳತೆಯಲ್ಲಿ ವಂಚಿಸುವವರ ಬಗ್ಗೆ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ. ಅಲ್-ಮುತಫ್ಫಿಫೀನ್ ಓದುವಾಗ ನಮಗೆ ನೆನಪಾಗುವುದು ಸಂತೆಯ ತಕ್ಕಡಿ. ಕಾಗೋಡಿನ ಕೊಳಗವೂ ನೆನಪಾಗಬೇಕು.

ಇಸ್ಲಾಮೀ ಇತಿಹಾಸದಲ್ಲೂ ಈ ಪ್ರಶ್ನೆ ಬಹಳ ಬೇಗ ಎದ್ದಿತ್ತು. ಇರಾಕಿನ ಫಲವತ್ತಾದ ಸವಾದ್ ಪ್ರದೇಶವು ಕೈವಶವಾದಾಗ ಅದನ್ನು ಯೋಧರಿಗೆ ಹಂಚಿಬಿಡಬೇಕೆಂದು ಹಿರಿಯ ಸಹಾಬಿಗಳಲ್ಲೇ ಕೆಲವರು ಒತ್ತಾಯಿಸಿದರು. ಖಲೀಫಾ ಉಮರ್(ರ) ಒಪ್ಪಲಿಲ್ಲ. ಇಂದೇ ಹಂಚಿ ಮುಗಿಸಿದರೆ ಮುಂದೆ ಬರುವ ತಲೆಮಾರಿಗೆ ಏನು ಉಳಿಯುತ್ತದೆ ಎಂಬುದು ಅವರ ವಾದವಾಗಿತ್ತು. ಭೂಮಿಯನ್ನು ಉಳುವವರ ಕೈಯಲ್ಲೇ ಬಿಟ್ಟು ಖರಾಜ್ ಎಂಬ ಕಂದಾಯವನ್ನು ನಿಗದಿಪಡಿಸಿದರು. ಇಮಾಮ್ ಅಬೂ ಯೂಸುಫ್ ಅವರ ‘ಕಿತಾಬುಲ್ ಖರಾಜ್’ನಲ್ಲಿ ಈ ಚರ್ಚೆ ದಾಖಲಾಗಿದೆ. ಬೆಳೆಯ ಪಾಲಿಗೆ ಹೊಲ ಕೊಡುವ ಮುಝಾರಅ ಪದ್ಧತಿಯನ್ನು ಇಮಾಮ್ ಅಬೂ ಹನೀಫಾ ಒಪ್ಪುತ್ತಿರಲಿಲ್ಲ, ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಒಪ್ಪಿದರು ಎಂಬುದನ್ನು ಮದ್ರಸಾದಲ್ಲಿ ಓದಿದವರು ಬಲ್ಲರು. ಅಂದಹಾಗೆ ನಮ್ಮ ‘ರೈತ’ ಎಂಬ ಮಾತು ಬಂದದ್ದು ಅರಬಿಯ ‘ರಅಿಯ್ಯ’ದಿಂದ. ಆಳುವವನ ಹೊಣೆಗೆ ಒಪ್ಪಿಸಲ್ಪಟ್ಟವರು ಎಂದು ಅದರ ಅರ್ಥ.

ಕಾಗೋಡಿನ ನಂತರ ಕಾನೂನುಗಳ ಸಾಲೇ ಬಂತು. ಅದನ್ನೆಲ್ಲ ಇಲ್ಲಿ ಎಣಿಸುವುದಿಲ್ಲ. ನಿಜವಾಗಿ ನೆಲ ಅಲುಗಾಡಿದ್ದು ದೇವರಾಜ ಅರಸು ಅವರ ಕಾಲದಲ್ಲಿ. 1961ರ ಭೂಸುಧಾರಣಾ ಕಾಯ್ದೆಗೆ ತಂದ ದೊಡ್ಡ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರ ಫಾರಂ 7ರಲ್ಲಿ ಅರ್ಜಿ ಹಾಕಿ ತನ್ನ ಹಕ್ಕನ್ನು ಪಡೆಯಬೇಕಿತ್ತು. ಅದನ್ನು ತೀರ್ಮಾನಿಸಲು ತಾಲೂಕುಗಳಲ್ಲಿ ಭೂ ನ್ಯಾಯಮಂಡಳಿ ಕುಳಿತವು. ಆರಂಭದಲ್ಲಿ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಒಡೆಯ ದೊಡ್ಡ ವಕೀಲನನ್ನು ತಂದು ಬಡವನ ಬಾಯಿ ಮುಚ್ಚಿಸಬಾರದೆಂಬ ಉದ್ದೇಶ ಅದರ ಹಿಂದಿತ್ತು. ಅರ್ಜಿಯ ಕೊನೆಯ ದಿನವನ್ನು ಮುಂದೂಡುತ್ತಾ 1979ರ ಜೂನ್ 30ರ ತನಕ ತಂದರು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಮನೆಮಾತಾದದ್ದು ಆಗಲೇ.

ಆದರೆ ಒಂದೇ ಕಾನೂನಿಗೆ ರಾಜ್ಯದಲ್ಲಿ ಎರಡು ಫಲ ಬಂತು. ಗುಳೆಯ ಕಥೆಗೆ ಇದೇ ಮುಖ್ಯ ತಿರುವು ಎಂದು ನಮಗೆ ಅನಿಸುತ್ತದೆ. ಕರಾವಳಿಯಲ್ಲಿ ಗೇಣಿ ಬಹಳ ಹಳೆಯದು, ಎದ್ದು ಕಾಣುವಂಥದ್ದು. ಮೂಲಗೇಣಿ, ಚಾಲಗೇಣಿ ಎಂದು ಬಗೆಗಳಿದ್ದವು, ಚೀಟಿಗಳಿದ್ದವು, ಇಂಥವರ ಒಕ್ಕಲು ಇಂಥವರು ಎಂಬುದು ಊರಿಗೆಲ್ಲ ಗೊತ್ತಿತ್ತು. ರೈತ ಸಂಘಗಳೂ ಗಟ್ಟಿಯಾಗಿದ್ದವು. ಹಾಗಾಗಿ ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ಕಡೆಗಳಲ್ಲಿ ಜನ ‘ಡಿಕ್ಲರೇಶನ್’ ಹಾಕಿ ಹೊಲ ಪಡೆದರು. ಬಿಲ್ಲವರು, ಒಕ್ಕಲಾಗಿದ್ದ ಬಂಟರು, ನಮ್ಮ ಬ್ಯಾರಿ ಕುಟುಂಬಗಳು ತುಂಡು ಗದ್ದೆ, ತುಂಡು ತೋಟಕ್ಕೆ ಒಡೆಯರಾದರು. ಅಲ್ಲಿಂದಲೂ ಮಕ್ಕಳು ಹೊರಟರು ನಿಜ. ಮುಂಬೈಗೆ, ಬೆಂಗಳೂರಿಗೆ, ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಆದರೆ ಹಿಂದೆ ಮನೆಯಿತ್ತು, ನಾಲ್ಕು ತೆಂಗಿನ ಮರವಿತ್ತು, ತಾಯಿ ತಂದೆ ಅಲ್ಲೇ ಇದ್ದರು. ಸೋತರೆ ಮರಳಿ ಬರಲು ಒಂದು ಜಾಗವಿತ್ತು.

ಕಲಬುರಗಿ, ರಾಯಚೂರಿನ ಕಥೆ ಬೇರೆ. ಅಲ್ಲಿ ಪಾಲು, ಲಾವಣಿ ಎಲ್ಲವೂ ಬಾಯಿಮಾತಿನವು. 1950ರ ಹೈದರಾಬಾದ್ ಗೇಣಿ ಕಾಯ್ದೆ ಬಂದಾಗಿನಿಂದಲೇ ಒಡೆಯರು ಎಚ್ಚೆತ್ತು ವರ್ಷ ವರ್ಷ ಉಳುವವರನ್ನು ಬದಲಾಯಿಸುವ, ಪಹಣಿಯಲ್ಲಿ ಸ್ವಂತ ಸಾಗುವಳಿ ಎಂದೇ ಬರೆಸುವ ರೂಢಿ ಹಾಕಿಕೊಂಡಿದ್ದರು. ಮಿತಿ ಮೀರಿದ ಜಮೀನು ಹೆಂಡತಿ, ಮಕ್ಕಳು, ಅಳಿಯ, ಆಳುಮಗನ ಹೆಸರಿಗೆ ಹಂಚಿಹೋಯಿತು. ಮಿತಿಯೇ ಖುಷ್ಕಿ ಜಮೀನಿನಲ್ಲಿ 54 ಎಕರೆಯವರೆಗೆ ಇತ್ತೆಂಬುದನ್ನೂ ಗಮನಿಸಬೇಕು. ಅರ್ಜಿ ಹಾಕಬಲ್ಲವನು ಗೇಣಿದಾರ ಮಾತ್ರ. ದಿನಗೂಲಿಯವನಿಗೆ, ಜೀತದವನಿಗೆ ಫಾರಂ 7 ಇರಲಿಲ್ಲ. ಅರಸು ಸರ್ಕಾರ ಜೀತ ಬಿಡಿಸಿತು, ಸಾಲ ಮನ್ನಾ ಮಾಡಿತು, ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರರ ಪಾಲಾಗದಂತೆ 1978ರಲ್ಲಿ ಕಾಯ್ದೆ ಮಾಡಿತು. ಇವೆಲ್ಲ ಸಣ್ಣ ಕೆಲಸಗಳಲ್ಲ. ಆದರೂ ಹೊಲವಿಲ್ಲದವನು ಹೊಲವಿಲ್ಲದವನಾಗಿಯೇ ಉಳಿದ.

ನೀರು ಬಂದರೆ ಸರಿಹೋಗುತ್ತದೆ ಎನ್ನುವವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯನ್ನು ತೋರಿಸಬೇಕು. 1953ರಿಂದ ನೀರು ಹರಿಯಿತು. ಹೊಲ ಹದ ಮಾಡಲು, ಭತ್ತಕ್ಕೆ ಹೂಡಲು ಬಂಡವಾಳವಿಲ್ಲದ ಸ್ಥಳೀಯರು ಕರಾವಳಿ ಆಂಧ್ರದಿಂದ ಬಂದ ರೈತರಿಗೆ ಅಗ್ಗಕ್ಕೆ ಜಮೀನು ಮಾರಿದರು. ಗಂಗಾವತಿ, ಸಿಂಧನೂರಿನ ಸುತ್ತ ಹೆಜ್ಜೆ ಹೆಜ್ಜೆಗೂ ‘ಕ್ಯಾಂಪ್’ ಎಂಬ ಹೆಸರಿನ ಊರುಗಳಿರುವುದು ಹಾಗೆ. ಬಂದವರು ಬೆವರು ಸುರಿಸಿ ದುಡಿದರು, ಅದರಲ್ಲಿ ತಪ್ಪಿಲ್ಲ. ಆದರೆ ಮೇಲಿನವರು ಭತ್ತಕ್ಕೆ ನೀರು ಹಾಯಿಸಿದರೆ ಕೆಳಗೆ ಮಾನ್ವಿ, ರಾಯಚೂರಿನ ಕೊನೆ ಭಾಗಕ್ಕೆ ನೀರು ತಲುಪುವುದಿಲ್ಲ. ಅಲ್ಲಿನ ರೈತರು ಗೇಜಿನ ಲೆಕ್ಕ ಹಿಡಿದು ರಸ್ತೆ ತಡೆಯುತ್ತಾರೆ, ಕೂಲಿಗಳು ಬೆಂಗಳೂರಿನ ಬಸ್ ಹತ್ತುತ್ತಾರೆ.

ಆ ಬಸ್ಸಿನಿಂದ ಇಳಿದವರು ಬಂದು ಸೇರುವ ನಮ್ಮ ದಕ್ಷಿಣ ಬೆಂಗಳೂರು ಕೂಡ ನಿನ್ನೆ ಮೊನ್ನೆ ಹೊಲವೇ ಆಗಿತ್ತು. 1941ರಲ್ಲಿ ನಾಲ್ಕು ಲಕ್ಷದಷ್ಟಿದ್ದ ಬೆಂಗಳೂರಿನ ಜನ 1951ಕ್ಕೆ ಎಂಟು ಲಕ್ಷದ ಹತ್ತಿರ ಬಂದಾಗ ನಗರಕ್ಕೆ ಜಾಗ ಬೇಕಾಯಿತು. 1945ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ರಾಗಿ ಹೊಲಗಳನ್ನು ಸ್ವಾಧೀನಪಡಿಸಿಕೊಂಡು ಜಯನಗರ ಕಟ್ಟಿತು. 1948ರಲ್ಲಿ ಅದಕ್ಕೆ ಶಂಕುಸ್ಥಾಪನೆ ಮಾಡಿದವರು ರಾಜಾಜಿ. ಮುಂದೆ 1976ರಲ್ಲಿ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅದೇ ಕೆಲಸವನ್ನು ಇನ್ನೂ ದೊಡ್ಡದಾಗಿ ಮಾಡಿತು. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಅಡಗಿವೆ. ಜೆ.ಪಿ. ನಗರದ ಕೆಳಗೆ ಸಾರಕ್ಕಿ, ಪುಟ್ಟೇನಹಳ್ಳಿ ಇವೆ. ಬನಶಂಕರಿಯ ಹಂತಗಳ ನಡುವೆ ಕದಿರೇನಹಳ್ಳಿ, ಕತ್ರಿಗುಪ್ಪೆ, ಹೊಸಕೆರೆಹಳ್ಳಿ ಇವೆ. ಸ್ವಾಧೀನದ ಪರಿಹಾರ ಹೋದದ್ದು ಖಾತೆದಾರರಿಗೆ. ಅದು ಸಾಲದೆಂದು ಅವರು ಕೋರ್ಟಿಗೆ ಅಲೆದರು, ನ್ಯಾಯವಾಗಿಯೇ ಅಲೆದರು. ಆದರೆ ಆ ಹೊಲದಲ್ಲಿ ವಾರಕ್ಕೆ ಉಳುತ್ತಿದ್ದವನಿಗೆ, ಕಳೆ ಕೀಳುತ್ತಿದ್ದ ಹೆಂಗಸಿಗೆ, ಕೆರೆಯಂಗಳದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಅಲೆಯಲು ಕಾಗದವೇ ಇರಲಿಲ್ಲ. ಹೊಲದ ಕೂಲಿ ಮತ್ತು ಗೇಣಿದಾರನನ್ನೂ ಸ್ವಾಧೀನದ ಸಂತ್ರಸ್ತರೆಂದು ದೇಶದ ಕಾಯ್ದೆ ಎಣಿಸಿದ್ದು 2013ರಲ್ಲಿ. ಅಷ್ಟರಲ್ಲಿ ನಮ್ಮ ಬಡಾವಣೆಗಳು ಕಟ್ಟಿ ಮುಗಿದಿದ್ದವು. ಗುರಪ್ಪನಪಾಳ್ಯ, ತಿಲಕನಗರ, ಯಾರಬ್ ನಗರ, ಇಲ್ಯಾಸ್ ನಗರಗಳ ಇಕ್ಕಟ್ಟಾದ ಗಲ್ಲಿಗಳಲ್ಲಿ ವಾಸಿಸುವ ನಮ್ಮ ಕುಟುಂಬಗಳ ಹಿರಿಯರನ್ನು ಕೇಳಿ ನೋಡಿ. ಅವರಲ್ಲಿ ಹಲವರು ಒಂದಲ್ಲ ಒಂದು ತಲೆಮಾರಿನ ಹಿಂದೆ ಯಾವುದೋ ಊರಿನ ಹೊಲ ಬಿಟ್ಟು ಬಂದವರೇ.

ಭೂಮಿಯ ಜಗಳ ಧರ್ಮದ ವೇಷ ತೊಡುವುದು 1948ಕ್ಕೇ ಮುಗಿಯಲಿಲ್ಲ. 2024ರ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆಯ ಹೊನವಾಡ ಮತ್ತಿತರ ಊರುಗಳ ರೈತರು ತಮ್ಮ ಹೊಲಗಳನ್ನು ವಕ್ಫ್ ಎಂದು ದಾಖಲಿಸಲಾಗುತ್ತಿದೆ ಎಂದು ಬೀದಿಗಿಳಿದರು. ರಾಜ್ಯವೆಲ್ಲ ಕಾವೇರಿತು. ನವೆಂಬರಿನಲ್ಲಿ ನೋಟಿಸುಗಳನ್ನು ಹಿಂಪಡೆಯಲು ಸರ್ಕಾರ ಸೂಚಿಸಿತು. ಈ ಗೊಂದಲದ ಒಂದು ಬೇರು ಭೂಸುಧಾರಣೆಯ ಕಾಲದಲ್ಲೇ ಇದೆ. ದೇವಸ್ಥಾನ, ಮಸೀದಿ, ದರ್ಗಾಗಳ ಇನಾಮು ಜಮೀನಿನಲ್ಲಿ ತಲೆಮಾರುಗಳಿಂದ ಉಳುತ್ತಿದ್ದವರಿಗೆ ಇನಾಮು ರದ್ಧತಿ ಕಾಯ್ದೆಗಳ ಮೂಲಕ, ನ್ಯಾಯಮಂಡಳಿಗಳ ಮೂಲಕ ಹಕ್ಕು ಬಂತು. ಆದರೆ ವಕ್ಫ್ ಗೆಜೆಟ್ ಒಂದು ಕಡೆ, ಕಂದಾಯ ದಾಖಲೆ ಇನ್ನೊಂದು ಕಡೆ ಉಳಿದವು. ಎರಡನ್ನೂ ಕೂಡಿಸಿ ಓದುವ ಕೆಲಸ ನಡೆಯಲಿಲ್ಲ. ಹಾಗೆ ಹಕ್ಕು ಪಡೆದವರಲ್ಲಿ ಎಲ್ಲ ಧರ್ಮದ ಬಡ ರೈತರಿದ್ದಾರೆ. ನ್ಯಾಯಮಂಡಳಿಯ ಆದೇಶದಿಂದ ಹೊಲ ಪಡೆದು ಉಳುತ್ತಿರುವವನನ್ನೂ, ನಗರದ ನಡುವೆ ಬೆಲೆಬಾಳುವ ವಕ್ಫ್ ನಿವೇಶನವನ್ನು ನುಂಗಿ ಕುಳಿತವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಈ ವ್ಯತ್ಯಾಸವನ್ನು ಮೊದಲು ಹೇಳಬೇಕಾದವರು ನಾವೇ.

ಈಗಿನ ಸ್ಥಿತಿ ಹೀಗಿದೆ. 1970-71ರ ಕೃಷಿ ಗಣತಿಯಲ್ಲಿ ಕರ್ನಾಟಕದ ಸರಾಸರಿ ಹಿಡುವಳಿ 3.2 ಹೆಕ್ಟೇರ್ ಇತ್ತು, 2015-16ಕ್ಕೆ ಅದು 1.36 ಹೆಕ್ಟೇರ್‌ಗೆ ಇಳಿಯಿತು. ಸರಾಸರಿಯೇ ಇಷ್ಟಾದರೆ ಕೆಳಗಿನವನ ಪಾಲು ಎಷ್ಟೆಂದು ಲೆಕ್ಕ ಹಾಕಬಹುದು. ಇನ್ನೊಬ್ಬರ ಹೊಲವನ್ನು ಲಾವಣಿಗೆ ಹಿಡಿಯುವವರು ಇಂದಿಗೂ ಊರೂರಿಗೆ ಇದ್ದಾರೆ. ಆದರೆ 1974ರ ಕಾನೂನು ಗೇಣಿಯನ್ನೇ ನಿಷೇಧಿಸಿದ್ದರಿಂದ ಅವರು ಕಾಗದದ ಮೇಲೆ ಇಲ್ಲ. ಬೆಳೆಸಾಲ ಒಡೆಯನಿಗೆ, ಬೆಳೆನಷ್ಟದ ಪರಿಹಾರ ಒಡೆಯನಿಗೆ, ಬಡ್ಡಿಯ ಸಾಲ ಮಾತ್ರ ಉಳುವವನಿಗೆ. ಉಳುವವನನ್ನು ಕಾಯಲು ಬಂದ ಕಾನೂನು ಇಂದಿನ ಉಳುವವನನ್ನು ಹೀಗೆ ಮರೆಮಾಡಿದೆ. ಕೃಷಿಕರಲ್ಲದವರು, ಹೆಚ್ಚಿನ ಆದಾಯದವರು ಕೃಷಿ ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಅಂದಿನಿಂದ ಬೆಂಗಳೂರಿನ ಹಣ ಊರುಗಳ ಹೊಲಕ್ಕೆ ನೇರವಾಗಿ ಹೋಗಬಹುದು. ನಮ್ಮಲ್ಲಿ ಉಳ್ಳವರೂ ಫಾರ್ಮ್ ಹೌಸಿನ ಮಾತಾಡುತ್ತಿದ್ದಾರೆ.

ಅದೇ 2020ರ ಮೇ ತಿಂಗಳಲ್ಲಿ ಲಾಕ್‌ಡೌನಿನಿಂದ ಕೆಲಸ ಕಳೆದುಕೊಂಡವರನ್ನು ಸರ್ಕಾರ ಮೆಜೆಸ್ಟಿಕ್‌ನಿಂದ ಉಚಿತ ಬಸ್ಸುಗಳಲ್ಲಿ ಊರಿಗೆ ಕಳುಹಿಸಿದಾಗ ಎಷ್ಟು ಜನ ಗುಳೆ ಬಂದಿದ್ದರೆಂಬುದು ನಗರಕ್ಕೆ ಮೊದಲ ಬಾರಿ ಕಣ್ಣಿಗೆ ಬಿತ್ತು. ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಮಾಡಿದ ಕೇಂದ್ರ ಕಾಯ್ದೆಯು ರಾಜ್ಯದ ಗಡಿ ದಾಟಿ ಬಂದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಯಾದಗಿರಿಯಿಂದ ಬನಶಂಕರಿಗೆ ಬಂದವನು ಅದರ ಲೆಕ್ಕದಲ್ಲಿ ವಲಸಿಗನೇ ಅಲ್ಲ.

ಕೊನೆಗೆ ನಮ್ಮ ಮನೆಯೊಳಗಿನ ಒಂದು ವಿಷಯ. ಮುಸ್ಲಿಮರ ಉತ್ತರಾಧಿಕಾರಕ್ಕೆ ಶರೀಅತ್ ಅನ್ವಯವಾಗಬೇಕೆಂದು 1937ರಲ್ಲಿ ಕಾಯ್ದೆ ಬಂದಾಗ ಕೃಷಿ ಭೂಮಿಯನ್ನು ಅದರಿಂದ ಹೊರಗಿಡಲಾಯಿತು. ಕಾನೂನು ಹೊರಗಿಟ್ಟರೂ ದೀನ್ ಹೊರಗಿಟ್ಟಿರಲಿಲ್ಲ. ಆದರೂ ಊರಿನ ಹೊಲ ಪಾಲಾಗುವಾಗ ಹೆಣ್ಣುಮಕ್ಕಳ ಪಾಲು ಬಿಟ್ಟುಹೋಗುವುದು, ಮದುವೆಗೆ ಖರ್ಚು ಮಾಡಿದ್ದೇವಲ್ಲ ಎಂಬ ಮಾತಿನಲ್ಲಿ ಮುಗಿದುಹೋಗುವುದು ನಮ್ಮಲ್ಲಿ ಅಪರೂಪವೇನಲ್ಲ. ಗಂಡನನ್ನು ಕಳೆದುಕೊಂಡು ಮಕ್ಕಳೊಂದಿಗೆ ನಗರಕ್ಕೆ ಬಂದು ಮನೆಕೆಲಸಕ್ಕೆ ಸೇರಿದ ಎಷ್ಟೋ ತಂಗಿಯರ ತಂದೆಯ ಹೊಲ ಊರಲ್ಲಿ ಅಣ್ಣಂದಿರ ಹೆಸರಲ್ಲಿರುತ್ತದೆ. ತಂದೆ ಅಥವಾ ತಾತ ತೀರಿಕೊಂಡು ವರ್ಷಗಳಾದರೂ ಪೌತಿ ಖಾತೆ ಆಗದೆ ಉಳಿದ ಜಮೀನು ನಮ್ಮ ಅನೇಕ ಕುಟುಂಬಗಳಲ್ಲಿದೆ. ಬರುವ ರಜೆಯಲ್ಲಿ ಊರಿಗೆ ಹೋಗುವವರು ನಾಡಕಚೇರಿಯಲ್ಲಿ ಪಹಣಿ ತೆಗೆಸಬಹುದು. 9ನೇ ಕಾಲಂನಲ್ಲಿ ಒಡೆಯರ ಹೆಸರಿರುತ್ತದೆ, 12ರಲ್ಲಿ ಉಳುವವರದು. ಫೂಫಿ, ಆಪಾ, ತಂಗಿಯರ ಹೆಸರು 9ರಲ್ಲಿ ಇಲ್ಲದಿದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷವನ್ನು ಜೊತೆಗಿಟ್ಟು ಪೌತಿ ಖಾತೆಗೆ ಅಲ್ಲೇ ಅರ್ಜಿ ಕೊಡಬಹುದು.